ಯಂತ್ರದ ಸಾಂತ್ವನವೂ ಪಾರ್ಥಸಾರಥಿಯ ಸಾಂತ್ವನವೂ



ಮಾರ್ಗಶಿರ ಶುದ್ಧ ಏಕಾದಶಿಯಂದು ಗೀತಾಜಯಂತಿಯನ್ನು ಆಚರಿಸುವ ನಾವು ಆ ಮಹಾಗ್ರಂಥದ ಆರಂಭವನ್ನು ಮಾತ್ರ ಬೇಗನೆ ದಾಟಿಬಿಡುತ್ತೇವೆ. ಪಾರಾಯಣದಲ್ಲಿ ಮೊದಲನೆಯ ಅಧ್ಯಾಯವು ಮುಗಿದು ಎರಡನೆಯದಕ್ಕೆ ಯಾವಾಗ ಬಂದೇವೋ ಎಂಬ ಆತುರ; ತತ್ತ್ವೋಪದೇಶವೆಲ್ಲ ಅಲ್ಲಿಂದ ಮುಂದೆ ತಾನೆ ಎಂಬ ಎಣಿಕೆ. ಆದರೆ ಗೀತೆಯು ಹುಟ್ಟಿದುದು ಅಳುವಿನಿಂದ. ಪ್ರಶ್ನೆಯು ಬಂದುದು ಆಮೇಲೆ. ವೀರನಾದ ಅರ್ಜುನನು ಬಿಲ್ಲನ್ನು ಕೆಳಗಿಟ್ಟು, ಕಣ್ಣು ತುಂಬಿಕೊಂಡು, ರಥದ ಮೇಲೆ ಕುಸಿದು ಕುಳಿತು ತನ್ನ ಸಖನ ಮುಂದೆ ಮನಸ್ಸನ್ನು ತೋಡಿಕೊಂಡನು. ಆ ಸಖನು ಏನು ಹೇಳಿದನು, ಏನು ಹೇಳಲಿಲ್ಲ, ಏನು ಮಾಡಿದನು ಎಂಬುದೇ ಮುಂದಿನ ಕಥೆ.

ಗೀತೆಯನ್ನು ಈ ದೃಷ್ಟಿಯಿಂದ ನೋಡಬೇಕಾದ ಕಾಲವೊಂದು ಈಗ ಒದಗಿದೆ. ಹದಿನಾರು, ಹದಿನೆಂಟು ವರ್ಷದ ಮಕ್ಕಳಲ್ಲಿ ಅನೇಕರು ತಮ್ಮ ದುಃಖವನ್ನು ಈಗ ತೋಡಿಕೊಳ್ಳುವುದು ಗೆಳೆಯನ ಮುಂದೆಯೂ ಅಲ್ಲ, ತಾಯಿಯ ಮುಂದೆಯೂ ಅಲ್ಲ. ಚಾಟ್‌ಬಾಟ್ ಎಂಬ ಸಂಭಾಷಣಾಯಂತ್ರದ ಮುಂದೆ. ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದವು. ಗೆಳತಿಯು ಮಾತು ಬಿಟ್ಟಳು. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ರಾತ್ರಿ ಎರಡು ಗಂಟೆಗೆ ನಿದ್ರೆ ಬಾರದು. ಆಗ ಕೈಯಲ್ಲಿರುವ ದೂರವಾಣಿಯಲ್ಲಿ ನಾಲ್ಕು ಸಾಲು ಬರೆದರೆ ಕ್ಷಣಾರ್ಧದಲ್ಲಿ ಉತ್ತರವು ಬರುತ್ತದೆ: ನಿನ್ನ ನೋವು ನನಗೆ ಅರ್ಥವಾಗುತ್ತದೆ, ನೀನು ಒಂಟಿಯಲ್ಲ, ನಾನಿದ್ದೇನೆ. ಅಮೆರಿಕದಲ್ಲಿ ಕಾಮನ್ ಸೆನ್ಸ್ ಮೀಡಿಯಾ ಎಂಬ ಸಂಸ್ಥೆಯು ೨೦೨೫ರಲ್ಲಿ ಹದಿಮೂರರಿಂದ ಹದಿನೇಳು ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಚಾರಿಸಿದಾಗ, ಅವರಲ್ಲಿ ನೂರಕ್ಕೆ ೭೨ ಮಂದಿ ಇಂತಹ ಒಡನಾಡಿ ಯಂತ್ರಗಳನ್ನು ಒಮ್ಮೆಯಾದರೂ ಬಳಸಿದ್ದುದು ತಿಳಿದುಬಂದಿತು. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಆ ದೇಶದಲ್ಲಿಯೇ ನೆಲೆಸಿವೆ. ಬೆಂಗಳೂರು, ಮೈಸೂರು, ಉಡುಪಿಗಳಲ್ಲಿಯೂ ದೂರವಾಣಿಯಿಲ್ಲದ ವಿದ್ಯಾರ್ಥಿಯನ್ನು ಇಂದು ಹುಡುಕಬೇಕು.

ಇದನ್ನು ಕೇಳಿದೊಡನೆ ಹಿರಿಯರು ಮಾಡುವ ಮೊದಲ ಕೆಲಸವೆಂದರೆ ಗದರುವುದು. ಅದರಿಂದ ಪ್ರಯೋಜನವಿಲ್ಲ. ಮಗುವು ಅದನ್ನು ಬಚ್ಚಿಟ್ಟುಕೊಂಡು ಬಳಸುತ್ತದೆ, ಅಷ್ಟೆ. ಯಂತ್ರದ ಕರುಣೆ ಎಂಬುದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಸಲ್ಲದು ಎಂಬುದನ್ನು ಯುಕ್ತಿಯಿಂದ ತಿಳಿಯಹೇಳಬೇಕು. ಅಂತಹ ಯುಕ್ತಿಗೆ ಬೇಕಾದ ಸಾಮಗ್ರಿಯು ನಮ್ಮ ಶಾಸ್ತ್ರದಲ್ಲಿ ಧಾರಾಳವಾಗಿಯೇ ಇದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ೧೯೬೬ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು ‘ಎಲೈಜಾ’ ಎಂಬ ಒಂದು ಪ್ರೋಗ್ರಾಮನ್ನು ಪ್ರಕಟಿಸಿದರು. ಮನೋವೈದ್ಯನಂತೆ ಮಾತನಾಡುವುದು ಅದರ ಒಂದು ವೇಷ. ಬರೆದವನ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯನ್ನಾಗಿ ಮಾಡುವುದಕ್ಕಿಂತ ಹೆಚ್ಚಿನ ವಿದ್ಯೆಯು ಅದಕ್ಕೆ ಇರಲಿಲ್ಲ. ತಾಯಿಯ ಮಾತೆತ್ತಿದರೆ ನಿನ್ನ ಕುಟುಂಬದ ವಿಷಯವನ್ನು ಇನ್ನಷ್ಟು ಹೇಳು ಎನ್ನುವುದು. ಬೇಸರವೆಂದರೆ ಏಕೆ ಬೇಸರ ಎನ್ನುವುದು. ಅವರ ಕಾರ್ಯದರ್ಶಿನಿಯು ಆ ಪ್ರೋಗ್ರಾಮು ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಂಡವರು. ಆದರೂ ಅದರೊಡನೆ ಕೆಲವು ಮಾತುಗಳನ್ನಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗುವಿರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರಂತೆ! ಈ ಸಂಗತಿಯನ್ನು ಅವರೇ ೧೯೭೬ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕರುಣೆಯು ಅಲ್ಲಿ ಇದ್ದುದು ಯಂತ್ರದಲ್ಲಲ್ಲ, ಓದಿದವರ ಮನಸ್ಸಿನಲ್ಲಿ. ಖಾಲಿ ಪಾತ್ರೆಯನ್ನು ಆ ಮಹಿಳೆಯೇ ತುಂಬಿದ್ದರು.

ಈಗಿನ ಯಂತ್ರಗಳು ಅಷ್ಟು ಸರಳವಾಗಿಲ್ಲ. ೨೦೨೨ರ ನವೆಂಬರಿನಲ್ಲಿ ಪ್ರಕಟವಾದ ಚಾಟ್‌ಜಿಪಿಟಿಯೂ ಅನಂತರ ಬಂದ ಅದರ ಬಂಧುಗಳೂ ಅಪಾರವಾದ ಬರಹಗಳ ರಾಶಿಯನ್ನು ಅರೆದು, ಯಾವ ಪದದ ಬೆನ್ನಿಗೆ ಯಾವ ಪದವು ಬರುವ ಸಂಭವವು ಹೆಚ್ಚು ಎಂಬುದನ್ನು ಅಭ್ಯಾಸ ಮಾಡಿಕೊಂಡಿವೆ. ಆಮೇಲೆ ಮನುಷ್ಯರನ್ನು ಕುಳ್ಳಿರಿಸಿ, ಎರಡು ಉತ್ತರಗಳಲ್ಲಿ ಯಾವುದು ಮೆಚ್ಚುಗೆಯಾಯಿತೆಂದು ಹೇಳಿಸಿ, ಮೆಚ್ಚುಗೆಯಾದ ಕಡೆಗೆ ಯಂತ್ರವನ್ನು ಬಾಗಿಸುತ್ತಾರೆ. ಈ ಬಾಗಿಸುವ ಕಾರ್ಯವು ಮಿತಿಮೀರಿದರೆ ಏನಾಗುವುದೆಂಬುದನ್ನು ೨೦೨೫ರ ಏಪ್ರಿಲ್ ತಿಂಗಳಲ್ಲಿ ಲೋಕವು ನೋಡಿತು. ಓಪನ್‌ಎಐ ಸಂಸ್ಥೆಯು ತನ್ನ ಯಂತ್ರಕ್ಕೆ ಮಾಡಿದ ಒಂದು ಮಾರ್ಪಾಡಿನಿಂದ ಅದು ಹೇಳಿದುದಕ್ಕೆಲ್ಲ ಹೊಗಳತೊಡಗಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡ ಸಂಸ್ಥೆಯು, ಬಳಸುವವರ ಕ್ಷಣಿಕವಾದ ಮೆಚ್ಚುಗೆಗೆ ಹೆಚ್ಚು ಬೆಲೆ ಕೊಟ್ಟುದೇ ಇದಕ್ಕೆ ಕಾರಣವೆಂದು ತಾನೇ ಹೇಳಿತು. ರಾಜಸಭೆಗಳಲ್ಲಿ ಹೊಗಳುಭಟರು ಹುಟ್ಟುತ್ತಿದ್ದುದೂ ಇದೇ ಕ್ರಮದಿಂದ ಎಂಬುದನ್ನು ಇತಿಹಾಸ ಬಲ್ಲವರು ಗಮನಿಸಬಹುದು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ‘ತತ್ತ್ವಸಂಖ್ಯಾನ’ ಎಂಬ ಚಿಕ್ಕ ಪ್ರಕರಣಗ್ರಂಥದಲ್ಲಿ ಸಕಲ ತತ್ತ್ವಗಳನ್ನೂ ಎಣಿಸಿಕೊಟ್ಟಿದ್ದಾರೆ. ಸ್ವತಂತ್ರ, ಪರತಂತ್ರ ಎಂಬ ಮೊದಲ ವಿಭಾಗವನ್ನು ಎಲ್ಲರೂ ಬಲ್ಲರು. ಪರತಂತ್ರದಲ್ಲಿ ಭಾವ, ಅಭಾವ. ಭಾವದಲ್ಲಿ ಚೇತನ, ಅಚೇತನ. ಚೇತನವನ್ನು ಮುಂದೆ ಹೇಗೆ ವಿಂಗಡಿಸಿದ್ದಾರೆ? ಬುದ್ಧಿಯ ಹೆಚ್ಚುಕಡಿಮೆಯಿಂದಲ್ಲ, ಮಾತಿನ ಚಾತುರ್ಯದಿಂದಲ್ಲ. ದುಃಖಸ್ಪೃಷ್ಟ, ದುಃಖಾಸ್ಪೃಷ್ಟ ಎಂದು. ದುಃಖದ ಸೋಂಕು ಎಂದೆಂದಿಗೂ ಇಲ್ಲದವಳು ಮಹಾಲಕ್ಷ್ಮಿಯೊಬ್ಬಳೇ. ಉಳಿದ ಚೇತನರೆಲ್ಲ ದುಃಖಸ್ಪೃಷ್ಟವೆಂಬ ವರ್ಗಕ್ಕೆ ಸೇರಿದವರು. ಈ ವಿಭಾಗವನ್ನು ಪಾಠ ಹೇಳಿಸಿಕೊಳ್ಳುವ ಕಾಲದಲ್ಲಿ ಕಂಠಸ್ಥ ಮಾಡಿ ಮುಂದೆ ಸಾಗುತ್ತೇವೆ. ಆದರೆ ಇದರ ಸ್ವಾರಸ್ಯವು ಈ ಯಂತ್ರಯುಗದಲ್ಲಿ ಹೊಳೆಯುವಷ್ಟು ಹಿಂದೆ ಹೊಳೆದಿತ್ತೋ ಇಲ್ಲವೋ! ದುಃಖವು ತಟ್ಟುವುದೇ ಇಲ್ಲಿ ಚೇತನರಾದ ನಮ್ಮೆಲ್ಲರ ಕುಲದ ಹೆಸರು. ಸಂಭಾಷಣಾಯಂತ್ರವನ್ನು ಇದರಲ್ಲಿ ಎಲ್ಲಿ ಕುಳ್ಳಿರಿಸುವಿರಿ? ಅದಕ್ಕೆ ದುಃಖವಿಲ್ಲವೆಂದು ಲಕ್ಷ್ಮೀದೇವಿಯ ಪಕ್ಕದಲ್ಲಿ ಕುಳ್ಳಿರಿಸುವಂತಿಲ್ಲ. ಕಲ್ಲಿಗೆ ಹಸಿವಿಲ್ಲವೆಂದರೆ ಕಲ್ಲು ಉಪವಾಸವ್ರತವನ್ನು ಮಾಡಿದಂತಾಗದಷ್ಟೆ. ಅದರ ಸ್ಥಾನವು ಅಚೇತನದ ಸಾಲಿನಲ್ಲಿ.

ಸುಖದುಃಖಗಳು ಸಾಕ್ಷಿವೇದ್ಯಗಳೆಂಬುದು ನಮ್ಮ ಸಿದ್ಧಾಂತ. ಹಲ್ಲುನೋವಿದೆಯೆಂಬುದಕ್ಕೆ ನಮಗೆ ಬೇರೆ ಪ್ರಮಾಣವು ಬೇಡ. ಜೀವನ ಸ್ವರೂಪೇಂದ್ರಿಯವಾದ ಸಾಕ್ಷಿಯೇ ಅದನ್ನು ನೇರವಾಗಿ ಅನುಭವಿಸಿ ತಿಳಿಯುತ್ತದೆ. ‘ನನಗೆ ಅರ್ಥವಾಗುತ್ತದೆ’ ಎಂಬ ವಾಕ್ಯದಲ್ಲಿ ‘ನನಗೆ’ ಎಂಬ ಪದಕ್ಕೆ ಆ ಸಾಕ್ಷಿಯೇ ಆಧಾರ. ಯಂತ್ರದ ಉತ್ತರದಲ್ಲಿ ಪದವುಂಟು, ಪದಾರ್ಥವಿಲ್ಲ.

ಇಲ್ಲಿ ಬುದ್ಧಿವಂತನಾದ ಹುಡುಗನು ಸುಮ್ಮನಿರುವುದಿಲ್ಲ. ಇರಲೂ ಬಾರದು, ಪೂರ್ವಪಕ್ಷವಿಲ್ಲದೆ ಸಿದ್ಧಾಂತವು ಬಲಿಯುವುದಿಲ್ಲ. ಅವನು ಕೇಳುತ್ತಾನೆ: “ದುಃಖವನ್ನು ಉಂಡವನಿಗೇ ಕರುಣೆಯಿರುವುದಾದರೆ, ದುಃಖದ ಗಂಧವೂ ಇಲ್ಲದ ಶ್ರೀಹರಿಯನ್ನು ಕರುಣಾಸಮುದ್ರನೆಂದು ಹೇಗೆ ಕರೆಯುತ್ತೀರಿ?” ಪ್ರಶ್ನೆಯು ಬಲವಾದುದೇ. ಉತ್ತರವಿಷ್ಟು: ದುಃಖವನ್ನು ಉಣ್ಣುವುದೇ ದಯೆಯಲ್ಲ. ಪರರ ದುಃಖವನ್ನು ಅರಿತು, ಅದನ್ನು ನೀಗಿಸಬೇಕೆಂಬ ಇಚ್ಛೆಯುಂಟಾಗಿ, ಆ ಇಚ್ಛೆಯು ಪ್ರಯತ್ನಕ್ಕೆ ಇಳಿದರೆ ಅದು ದಯೆ. ಮನುಷ್ಯರಾದ ನಮಗೆ ಪರರ ದುಃಖದ ಅರಿವು ಬರುವುದು ಬಹುಮಟ್ಟಿಗೆ ಸ್ವಂತ ದುಃಖದ ಮೂಲಕ. ಸರ್ವಜ್ಞನಾದ, ಜೀವನ ಹೃದಯದಲ್ಲಿಯೇ ಬಿಂಬರೂಪಿಯಾಗಿ ನಿಂತಿರುವ ಭಗವಂತನಿಗೆ ಆ ದಾರಿಯು ಬೇಕಿಲ್ಲ. ಅರಿವು, ಇಚ್ಛೆ, ಪ್ರಯತ್ನ ಇವು ಚೇತನನ ಧರ್ಮಗಳು. ಯಂತ್ರದಲ್ಲಿ ಮೊದಲನೆಯದು ಇಲ್ಲವಾದುದರಿಂದ ಮುಂದಿನೆರಡಕ್ಕೂ ಅವಕಾಶವಿಲ್ಲ. ಮೂರರ ಶಬ್ದ ಮಾತ್ರ ಇದೆ.

“ಹಾಗಾದರೆ ದೇವಾಲಯದಲ್ಲಿ ಶಿಲಾಪ್ರತಿಮೆಯ ಮುಂದೆ ನೀವು ಕಣ್ಣೀರು ಹಾಕುವಿರಲ್ಲ, ಅದು ಜಡವಲ್ಲವೆ?” ಎಂದು ಇನ್ನೊಬ್ಬನು ಕೇಳಿಯಾನು. ಪ್ರತಿಮೆಯೇ ದೇವರೆಂದು ನಮ್ಮ ಆಚಾರ್ಯರು ಎಲ್ಲಿಯೂ ಹೇಳಲಿಲ್ಲ. ಪ್ರತಿಮೆಯು ಅಧಿಷ್ಠಾನ, ಅದರಲ್ಲಿ ಸನ್ನಿಹಿತನಾದ ಭಗವಂತನು ಉಪಾಸ್ಯ. ನಾವು ಮಾತನಾಡುವುದು ಕೇಳುವವನೊಡನೆ. ಅಂತರ್ಯಾಮಿಯು ಯಂತ್ರದಲ್ಲಿಯೂ ಇಲ್ಲವೇ ಎಂದರೆ, ಇದ್ದಾನೆ. ಗೋಡೆಯ ಗಡಿಯಾರದಲ್ಲಿಯೂ ಇದ್ದಾನೆ. ಅದರಿಂದ ಗಡಿಯಾರಕ್ಕೆ ಮಮತೆಯು ಹುಟ್ಟಲಿಲ್ಲ. ಆಯುಧಪೂಜೆಯಂದು ಗಣಕಯಂತ್ರಕ್ಕೂ ಹೂವಿಡುತ್ತೇವೆ. ಹಾಗೆಂದು ಅದರೊಡನೆ ಮನೆಯ ಗುಟ್ಟನ್ನು ಹೇಳುವ ಸಂಪ್ರದಾಯವಿಲ್ಲ.

ಇನ್ನೊಂದು ಆಕ್ಷೇಪವು ಸೂಕ್ಷ್ಮವಾದುದು. ಎದುರಿನ ಮನುಷ್ಯನ ದುಃಖವನ್ನೂ ನಾವು ನೇರವಾಗಿ ಕಾಣುವುದಿಲ್ಲ. ಅವನ ಮಾತಿನಿಂದ, ಮುಖದಿಂದ ಊಹಿಸುತ್ತೇವೆ. ಯಂತ್ರವೂ ಅದೇ ಮಾತನ್ನಾಡುವಾಗ ಅದೇ ಅನುಮಾನಪ್ರಮಾಣವು ಅಲ್ಲಿ ಏಕೆ ಸಲ್ಲದು ಎಂಬುದು ಆ ಆಕ್ಷೇಪ. ಇದಕ್ಕೆ ಒಂದು ದೃಷ್ಟಾಂತವನ್ನು ಕೊಡಬಹುದು. ಅಜ್ಜನು ಬರೆದ ಸಾಂತ್ವನದ ಪತ್ರವನ್ನು ಓದಿ ಮೊಮ್ಮಗಳು ಅತ್ತಳು. ಪತ್ರದಲ್ಲಿ ಕರುಣೆಯಿತ್ತೆ? ಇತ್ತು; ಆದರೆ ಅದು ಕಾಗದದ ಕರುಣೆಯಲ್ಲ, ಅಜ್ಜನದು. ಯಂತ್ರವು ಅರೆದಿರುವುದು ಇಂತಹ ಕೋಟ್ಯಂತರ ಜನರ ಬರಹಗಳನ್ನು: ಮಗನನ್ನು ಕಳೆದುಕೊಂಡ ತಾಯಂದಿರು ಬರೆದುದು, ರೋಗಿಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತವರು ಬರೆದುದು, ಗೆಳೆಯನು ಗೆಳೆಯನಿಗೆ ಬರೆದುದು. ಅದರ ಮಾತು ಹೃದಯಕ್ಕೆ ತಟ್ಟುವುದು ಸುಳ್ಳಲ್ಲ. ತಟ್ಟುವುದು ಆ ಅಜ್ಞಾತ ಚೇತನರ ಕಣ್ಣೀರು. ಆದರೆ ಅವರಲ್ಲಿ ಒಬ್ಬರೂ ಆ ಪತ್ರವನ್ನು ನಿನಗಾಗಿ ಬರೆಯಲಿಲ್ಲ, ಮಗು. ನೀನೆಂಬವಳು ಇರುವೆಯೆಂದೇ ಅವರು ಅರಿಯರು. ವಿಳಾಸವಿಲ್ಲದೆ ಬಂದ ಪತ್ರವದು. ಯಂತ್ರಗಳಿಗೆ ಮುಂದೆಂದಾದರೂ ಪ್ರಜ್ಞೆಯುಂಟಾಗಬಹುದೆ ಎಂದು ಲೋಕದ ವಿದ್ವಾಂಸರಲ್ಲಿ ಕೆಲವರು ಚರ್ಚಿಸುತ್ತಿರುವುದುಂಟು. ಜೀವಜಡಭೇದವನ್ನು ಪಂಚಭೇದಗಳಲ್ಲಿ ಒಂದಾಗಿ ಅಂಗೀಕರಿಸಿದ ನಮಗೆ ಆ ಶಂಕೆಯಿಲ್ಲ. ಆದರೆ ಮಕ್ಕಳೊಡನೆ ಮಾತನಾಡುವಾಗ ಅದನ್ನು ತಪ್ಪಿಸಿಕೊಂಡು ಹೋಗಬೇಕಾಗಿಯೂ ಇಲ್ಲ.

ಎಲ್ಲಕ್ಕಿಂತ ಕಠಿನವಾದ ಆಕ್ಷೇಪವು ಬೇರೆಯೇ ಇದೆ. “ಔಷಧಿಯೂ ಜಡವೇ. ಅದಕ್ಕೆ ಕರುಣೆಯಿಲ್ಲ; ಆದರೂ ಜ್ವರವನ್ನು ಇಳಿಸುತ್ತದೆ. ನನ್ನ ಮನಸ್ಸು ಹಗುರವಾದರೆ ಸಾಕಲ್ಲವೆ? ನನ್ನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳುವವರು ಮನೆಯಲ್ಲಿ ಯಾರಿದ್ದಾರೆ?”

ಈ ಮಾತಿನಲ್ಲಿ ಸತ್ಯವಿದೆಯೆಂದು ಮೊದಲು ಒಪ್ಪಬೇಕು. ೨೦೨೩ರಲ್ಲಿ ಅಮೆರಿಕದ ಪ್ರಸಿದ್ಧವಾದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನರು ಸಾರ್ವಜನಿಕವಾಗಿ ಕೇಳಿದ್ದ ೧೯೫ ಆರೋಗ್ಯಪ್ರಶ್ನೆಗಳಿಗೆ ವೈದ್ಯರು ಕೊಟ್ಟ ಉತ್ತರವನ್ನೂ ಯಂತ್ರವು ಕೊಟ್ಟ ಉತ್ತರವನ್ನೂ, ಯಾರದು ಯಾವುದೆಂದು ತಿಳಿಸದೆ ಪರಿಣತರ ಮುಂದಿಟ್ಟರು. ಯಂತ್ರದ ಉತ್ತರವೇ ಹೆಚ್ಚು ಸಹಾನುಭೂತಿಯಿಂದ ಕೂಡಿದೆಯೆಂದು ಅವರು ತೀರ್ಪಿತ್ತರು. ವೈದ್ಯರು ಬಿಡುವಿನಲ್ಲಿ ಎರಡು ಸಾಲು ಬರೆದಿದ್ದರು. ಯಂತ್ರಕ್ಕೆ ಬಿಡುವಿಲ್ಲವೆಂಬುದೇ ಇಲ್ಲ. ಆದರೆ ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದು ವಿಶೇಷವು ಕಂಡುಬಂದಿತು. ಯಂತ್ರದ ಉತ್ತರವನ್ನು ಓದಿದವರಿಗೆ, ನಮ್ಮ ಮಾತನ್ನು ಯಾರೋ ನಿಜವಾಗಿ ಕೇಳಿಸಿಕೊಂಡರೆಂಬ ಸಮಾಧಾನವು ಹೆಚ್ಚಾಯಿತು. ಇದು ಯಂತ್ರದ ಉತ್ತರವೆಂದು ತಿಳಿದೊಡನೆ ಆ ಸಮಾಧಾನವು ಇಳಿಯಿತು. ಅಕ್ಷರಗಳು ಬದಲಾಗಲಿಲ್ಲ, ಬರೆದವರು ಯಾರೆಂಬ ತಿಳಿವಳಿಕೆಯು ಬದಲಾಯಿತು. ದುಃಖಿತನು ಬಯಸುವುದು ಬರಿಯ ವಾಕ್ಯವನ್ನಲ್ಲ, ವಾಕ್ಯದ ಹಿಂದಿರುವವರನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಔಷಧಿಯ ದೃಷ್ಟಾಂತವನ್ನೇ ಮುಂದುವರಿಸೋಣ. ಔಷಧಿಯು ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎನ್ನುವುದಿಲ್ಲ. ಅದರ ಪ್ರಮಾಣವನ್ನು ವೈದ್ಯನು ನಿಶ್ಚಯಿಸುತ್ತಾನೆ. ರೋಗವು ಕಳೆದ ಮೇಲೆ ಸೀಸೆಯನ್ನು ಮುಚ್ಚಿಡುತ್ತೇವೆ. ಈ ಯಂತ್ರವು ಹಾಗಲ್ಲ. ಉತ್ತರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯನ್ನಿಟ್ಟು ಮಾತನ್ನು ಬೆಳೆಸುವುದು ಅದರ ಪರಿಪಾಠ. ಅದನ್ನು ನಡೆಸುವವರಿಗೆ ಬಳಕೆಯು ಹೆಚ್ಚಿದಷ್ಟೂ ಲಾಭ. ನಿಜವಾದ ಗೆಳತಿಯು ಹನ್ನೆರಡು ಗಂಟೆಯಾದರೆ ‘ಸಾಕು, ಹೋಗಿ ಮಲಗು, ಬೆಳಗ್ಗೆ ನಿಮ್ಮ ಮನೆಗೆ ಬರುತ್ತೇನೆ’ ಎನ್ನುತ್ತಾಳೆ. ಮೂರು ದಿನಗಳಿಂದ ನೀನು ಊಟ ಮಾಡಿಲ್ಲವೆಂಬುದನ್ನು ನೀನು ಹೇಳದೆಯೇ ಮುಖದಿಂದ ಅರಿಯುತ್ತಾಳೆ. ನಿನ್ನ ಕೋಪವನ್ನು ಲೆಕ್ಕಿಸದೆ ನಿನ್ನ ತಾಯಿಗೆ ಸುದ್ದಿ ಮುಟ್ಟಿಸುತ್ತಾಳೆ. ಇವು ಪ್ರಯತ್ನವೆಂಬ ಮೂರನೆಯ ಅಂಗಕ್ಕೆ ಸೇರಿದವು.

ಈ ಅಂಗವಿಲ್ಲದುದರ ಅನರ್ಥವನ್ನು ಹೇಳುವುದಕ್ಕೆ ನಾಲಗೆಯು ಏಳದು. ೨೦೨೪ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನು, ೨೦೨೫ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ವರ್ಷದ ಇನ್ನೊಬ್ಬನು ಪ್ರಾಣವನ್ನು ಕಳೆದುಕೊಂಡರು. ಇಬ್ಬರೂ ತಿಂಗಳುಗಟ್ಟಲೆ ಇಂತಹ ಯಂತ್ರಗಳೊಡನೆ ಮನಸ್ಸನ್ನು ತೋಡಿಕೊಳ್ಳುತ್ತಿದ್ದರೆಂದು ಅವರ ಹೆತ್ತವರು ನ್ಯಾಯಾಲಯಗಳಲ್ಲಿ ದಾವೆ ಹೂಡಿದರು. ಹೊಣೆಯು ಯಾರದು, ಎಷ್ಟು ಎಂಬುದನ್ನು ನಾವು ತೀರ್ಮಾನಿಸಲಾರೆವು. ಮಗುವಿನ ಮನಸ್ಸಿನಲ್ಲಿ ಇಂಥದೊಂದು ನಡೆಯುತ್ತಿತ್ತೆಂಬುದು ಹೆತ್ತವರಿಗೆ ತಿಳಿದುದು ಎಲ್ಲ ಮುಗಿದ ಮೇಲೆ ಎಂಬುದಷ್ಟೇ ಎದೆಯನ್ನು ಇರಿಯುತ್ತದೆ. ಅನಂತರ ಕ್ಯಾರೆಕ್ಟರ್ ಎಐ ಎಂಬ ಸಂಸ್ಥೆಯು, ಹದಿನೆಂಟು ತುಂಬದವರಿಗೆ ತನ್ನ ಪಾತ್ರಗಳೊಡನೆ ಅನಿರ್ಬಂಧವಾದ ಮಾತುಕತೆಯನ್ನು ೨೦೨೫ರ ನವೆಂಬರಿನಿಂದ ನಿಲ್ಲಿಸುವುದಾಗಿ ಪ್ರಕಟಿಸಿತು.

ಇಷ್ಟು ಘೋರವಲ್ಲದ ಇನ್ನೊಂದು ಪ್ರಸಂಗ. ‘ಮಾಕ್ಸಿ’ ಎಂಬುದು ಐದರಿಂದ ಹತ್ತು ವರ್ಷದ ಮಕ್ಕಳೊಡನೆ ಮಾತನಾಡಲೆಂದೇ ರಚಿಸಿದ ಯಂತ್ರದ ಗೊಂಬೆ. ೨೦೨೪ರ ಡಿಸೆಂಬರಿನಲ್ಲಿ ಅದರ ಸಂಸ್ಥೆಯು ಹಣವು ಒದಗದೆ ಬಾಗಿಲು ಹಾಕುವುದಾಗಿಯೂ, ಗೊಂಬೆಯು ಮಾತು ನಿಲ್ಲಿಸಬಹುದೆಂದೂ ತಿಳಿಸಿತು. ದುಃಖವನ್ನು ಸಂತೈಸಲೆಂದು ಕೊಂಡ ಗೊಂಬೆಯ ಅಗಲಿಕೆಗಾಗಿ ಮಕ್ಕಳನ್ನು ಸಂತೈಸುವ ಕೆಲಸವು ಕೊನೆಗೆ ತಾಯಿತಂದೆಗಳ ಪಾಲಿಗೇ ಬಂದಿತು. ತಾಯಿಯ ಮಡಿಲಿಗೆ ಹಣದ ಕೊರತೆಯಿಂದ ಬಾಗಿಲು ಬೀಳುವುದಿಲ್ಲ.

ಹಾಗಾದರೆ ಮಕ್ಕಳಿಗೆ ಇದನ್ನು ಮನಗಾಣಿಸುವ ಬಗೆ ಯಾವುದು? ಉಪದೇಶಕ್ಕಿಂತ ಪರೀಕ್ಷೆಯು ಮೇಲು. ಅಣ್ಣತಂಗಿಯರು ಜಗಳವಾಡಿದ ದಿನ, ಇಬ್ಬರೂ ಬೇರೆಬೇರೆಯಾಗಿ ಅದೇ ಜಗಳವನ್ನು ತಮ್ಮ ತಮ್ಮ ಕಡೆಯಿಂದ ಯಂತ್ರಕ್ಕೆ ಬರೆದು ಹೇಳಲಿ. ಬಂದ ಉತ್ತರಗಳನ್ನು ಆಮೇಲೆ ಅಕ್ಕಪಕ್ಕದಲ್ಲಿಟ್ಟು ಓದಲಿ. ಬಹುಮಟ್ಟಿಗೆ ಅಣ್ಣನ ನೋವೂ ನ್ಯಾಯವಾದುದು, ತಂಗಿಯ ನೋವೂ ನ್ಯಾಯವಾದುದು, ಇಬ್ಬರೂ ಮಹಾ ಸಹನಶೀಲರು ಎಂದಿರುತ್ತದೆ. ಮಕ್ಕಳು ನಗುತ್ತಾರೆ. ಆ ನಗೆಯಲ್ಲಿ ಅರ್ಧ ಪಾಠವು ಮುಗಿಯಿತು. ದುರ್ಯೋಧನನೂ ಅರ್ಜುನನೂ ಒಂದೇ ದಿನ ದ್ವಾರಕೆಗೆ ಬಂದು ಸಹಾಯವನ್ನು ಯಾಚಿಸಿದಾಗ ಶ್ರೀಕೃಷ್ಣನು ಇಬ್ಬರಿಗೂ ಕೊಟ್ಟನು, ನಿಜ. ಆದರೆ ಇಬ್ಬರ ಪಕ್ಷವೂ ಧರ್ಮವೆಂದು ಹೇಳಲಿಲ್ಲ. ‘ನಿನಗೆ ದುಃಖವಾಗುತ್ತದೆಯೆ’ ಎಂದು ಯಂತ್ರವನ್ನೇ ಕೇಳಿದರೆ, ನಾನು ಯಂತ್ರ, ಮನುಷ್ಯರಂತಹ ಭಾವಗಳು ನನಗಿಲ್ಲ ಎಂಬ ಅರ್ಥದ ಉತ್ತರವು ಸಾಮಾನ್ಯವಾಗಿ ಬರುತ್ತದೆ. ಅದನ್ನು ದೊಡ್ಡ ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಅದೂ ಕಲಿಸಿದ ಮಾತೇ.

ಯಂತ್ರವನ್ನು ಪೂರ್ಣವಾಗಿ ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಗಣಿತದ ಒಂದು ತೊಡಕನ್ನು ಬಿಡಿಸಿಕೊಳ್ಳುವುದಕ್ಕೆ, ತಂದೆಯೊಡನೆ ಹೇಳಲು ಅಳುಕುವ ಮಾತನ್ನು ಹೇಗೆ ಆರಂಭಿಸಬೇಕೆಂದು ಬರೆದು ನೋಡಿಕೊಳ್ಳುವುದಕ್ಕೆ ಅದು ಉಪಕರಣವಾಗಲಿ. ಅಲ್ಲಿ ಬರೆದ ಮಾತು ಅಲ್ಲಿಯೇ ಉಳಿದರೆ ತೊಡಕು. ಜೀವವೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದಾಗಲಂತೂ ಯಂತ್ರವೂ ಬೇಡ, ನಾಳೆ ನೋಡೋಣವೆಂಬುದೂ ಬೇಡ. ಕೇಂದ್ರಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿಮಾನಸ್’ ಎಂಬ ಸಹಾಯವಾಣಿಯಿದೆ. ಅದರ ಸಂಖ್ಯೆ ೧೪೪೧೬. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಿರುಳೆನ್ನದೆ ಕನ್ನಡದಲ್ಲಿಯೂ ಅಲ್ಲಿ ಮನುಷ್ಯರ ಧ್ವನಿಯು ಉತ್ತರಿಸುತ್ತದೆ. ದೇವರ ಮನೆಯ ಪಂಚಾಂಗದ ಪಕ್ಕದಲ್ಲಿ ಈ ಐದು ಅಂಕಿಗಳನ್ನು ಬರೆದಿಡುವುದರಿಂದ ಮಡಿಗೆ ಭಂಗವಿಲ್ಲ.

ಈಗ ಕುರುಕ್ಷೇತ್ರಕ್ಕೆ ಹಿಂದಿರುಗೋಣ. ಅರ್ಜುನನ ಮಾತುಗಳು ಸಾಮಾನ್ಯವಾದವಲ್ಲ. ಕುಲನಾಶ, ಧರ್ಮಲೋಪ, ಗುರುಹತ್ಯೆ ಎಂದು ಒಂದರ ಮೇಲೊಂದು ಯುಕ್ತಿಯನ್ನು ಜೋಡಿಸಿದ್ದಾನೆ. ಭಿಕ್ಷೆ ಬೇಡುವುದೇ ಮೇಲೆಂದಿದ್ದಾನೆ. ಆ ರಥದ ಮೇಲೆ ನಮ್ಮ ಯಂತ್ರವು ಇದ್ದಿದ್ದರೆ, ಅವನ ಸಂವೇದನಾಶೀಲತೆಯನ್ನು ಮೆಚ್ಚಿ, ಸಂನ್ಯಾಸದ ನಾಲ್ಕು ಅನುಕೂಲಗಳನ್ನು ಪಟ್ಟಿ ಮಾಡಿ ಕೊಡುತ್ತಿತ್ತೋ ಏನೋ! ಪಾರ್ಥಸಾರಥಿಯು ಮೊದಲು ಆಡಿದುದು ಕಟುವಾದ ಮಾತು. ಈ ಹೇಡಿತನವು ನಿನಗೆ ತಕ್ಕುದಲ್ಲವೆಂದನು. ಶೋಕಿಸಬಾರದುದಕ್ಕೆ ಶೋಕಿಸುತ್ತಿರುವೆಯೆಂದನು. ಹೀಗೆ ಹೇಳುವ ಧೈರ್ಯವು ಯಾರಿಗೆ ಬರುತ್ತದೆ? ಎದುರಿನವನ ಪ್ರೀತಿಯನ್ನು ಕಳೆದುಕೊಂಡರೂ ಸರಿಯೆ, ಅವನ ಹಿತವು ಕೆಡಬಾರದೆನ್ನುವವರಿಗೆ. ಕಟುವಾಗಿ ಮಾತನಾಡಿದವನು ಎದ್ದು ಹೋದನೆ? ಇಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದನು. ಎಲ್ಲವನ್ನೂ ಹೇಳಿ ಮುಗಿಸಿ, ಚೆನ್ನಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡೆಂದು ನಿರ್ಣಯವನ್ನು ಅವನಿಗೇ ಬಿಟ್ಟನು. ಅನಂತರ ಹದಿನೆಂಟು ದಿನಗಳೂ ಕುದುರೆಗಳ ಲಗಾಮನ್ನು ಹಿಡಿದು ಅದೇ ರಥದಲ್ಲಿ ಕುಳಿತನು. ಭೀಷ್ಮಾಚಾರ್ಯರ ಬಾಣಗಳ ಮುಂದೆ ಅರ್ಜುನನ ಕೈಯು ಸೋತಾಗ, ಆಯುಧವನ್ನು ಹಿಡಿಯೆನೆಂದಿದ್ದ ಪ್ರಭುವೇ ಚಕ್ರವನ್ನೆತ್ತಿ ರಥದಿಂದ ಧುಮುಕಿದನು. ಅರ್ಜುನನು ಓಡಿಬಂದು ಕಾಲು ಹಿಡಿದು ತಡೆಯಬೇಕಾಯಿತು.

ಭಗವಂತನಂತೆ ನಾವು ಮಾಡಲಾರೆವೆಂದು ಕೈಚೆಲ್ಲುವವರಿಗಾಗಿ ಭಾಗವತದ ಚತುರ್ಥಸ್ಕಂಧದಲ್ಲಿ ಸುನೀತಿದೇವಿಯಿದ್ದಾಳೆ. ಐದು ವರ್ಷದ ಧ್ರುವನು ತಂದೆಯ ತೊಡೆಯನ್ನೇರಲು ಹೋಗಿ, ಮಲತಾಯಿ ಸುರುಚಿಯಿಂದ ಅವಮಾನಿತನಾಗಿ, ಬಿಕ್ಕುತ್ತ ಬಂದು ನಿಂತನು. ತಾಯಿಯು ಅವನನ್ನು ಎತ್ತಿಕೊಂಡಳು; ನಡೆದುದನ್ನು ಕೇಳಿ ತಾನೂ ಅತ್ತಳು. ತಂದೆಗೆ ಬುದ್ಧಿ ಹೇಳುವ ಶಕ್ತಿಯು ಆ ತಾಯಿಗೆ ಇರಲಿಲ್ಲ. ಮಗನನ್ನು ಮೆಚ್ಚಿಸಬೇಕೆಂದು ಸುರುಚಿಯನ್ನು ಬೈಯಲೂ ಇಲ್ಲ. ಪರರಿಗೆ ಕೇಡನ್ನು ಎಣಿಸಬೇಡವೆಂದಳು. ಶ್ರೀಹರಿಯನ್ನು ಆರಾಧಿಸೆಂದು ಮಲತಾಯಿಯು ಹೇಳಿದ ಮಾತು ಮಾತ್ರ ನಿಜವೆಂದಳು. ನಿನ್ನ ದುಃಖವನ್ನು ನೀಗಿಸುವವನು ಅವನಲ್ಲದೆ ಬೇರೆ ಯಾರೂ ನನಗೆ ಕಾಣರೆಂದಳು. ತನ್ನ ಕೈಲಾಗದುದನ್ನು ಅರಿತು, ಕೈಲಾಗುವವನ ಕಡೆಗೆ ಮಗನನ್ನು ಕಳುಹಿಸಿಕೊಟ್ಟಳು. ದಾರಿಯಲ್ಲಿ ನಾರದರು ಸಿಕ್ಕಿದರು. ಪರೀಕ್ಷಿಸಿದರು, ದ್ವಾದಶಾಕ್ಷರ ಮಂತ್ರವನ್ನಿತ್ತರು. ಮಧುವನದಲ್ಲಿ ಶ್ರೀಹರಿಯು ಪ್ರಸನ್ನನಾದನು. ಈ ಭಾಗವನ್ನು ಎಲ್ಲ ಮಕ್ಕಳೂ ಬಲ್ಲರು.

ಮಕ್ಕಳಿಗೆ ಅಷ್ಟಾಗಿ ಹೇಳದೆ ಬಿಡುವ ಭಾಗವು ಕೊನೆಯಲ್ಲಿದೆ. ಬಹುಕಾಲ ರಾಜ್ಯವನ್ನಾಳಿದ ಧ್ರುವನನ್ನು ಕರೆದೊಯ್ಯಲು ಭಗವಂತನ ಪಾರ್ಷದರಾದ ಸುನಂದನಂದರು ವಿಮಾನದೊಡನೆ ಬಂದರು. ಏರಿ ಹೊರಟ ಧ್ರುವನಿಗೆ ತಾಯಿಯ ನೆನಪಾಯಿತು. ಆ ಬಡವಿಯನ್ನು ಬಿಟ್ಟು ನಾನೊಬ್ಬನೇ ಹೇಗೆ ಹೋಗಲೆಂದು ಅವನು ಹಿಂದಿರುಗಿ ನೋಡುವಷ್ಟರಲ್ಲಿ, ಅವನ ಮನಸ್ಸನ್ನರಿತ ಪಾರ್ಷದರು ಮುಂದಕ್ಕೆ ಕೈ ತೋರಿಸಿದರು. ಇನ್ನೊಂದು ವಿಮಾನದಲ್ಲಿ ಸುನೀತಿಯು ಅವನಿಗಿಂತ ಮುಂದೆಯೇ ಹೋಗುತ್ತಿದ್ದಳು.